ಎಸಿಯ ಬೆನ್ನಿಗೆ ಒಣಹಾಕಿದ ಸಂಡಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅತ್ತೆಯ ಅಕ್ಕಿ ಸಂಡಿಗೆಯನ್ನು ನಾನು ಎಸಿ ಗಾಳಿಗೆ ಒಣಹಾಕಿದೆ. ಕೋಣೆಯೊಳಗೆ ತಣ್ಣನೆ ಗಾಳಿ ಬಿಡುವ ಡಬ್ಬದ ಮುಂದಲ್ಲ, ಅಷ್ಟು ದಡ್ಡನಲ್ಲ. ಹೊರಗಡೆ ತಾರಸಿಯ ಮೇಲೋ ಗೋಡೆಯ ಮೇಲೋ ಕೂತು ಬಿಸಿಗಾಳಿ ಉಗುಳುವ ಇನ್ನೊಂದು ಡಬ್ಬ ಇರುತ್ತದಲ್ಲ, ಔಟ್‌ಡೋರ್ ಯೂನಿಟ್ಟು, ಅದರ ಮುಂದೆ. ಅಂದರೆ ಅದಕ್ಕಿಂತ ದೊಡ್ಡ ದಡ್ಡ.

ಎಸಿ ಎಂದರೇನೆಂದು ಗೊತ್ತಿಲ್ಲದವನು ಹೀಗೆ ಮಾಡಿದ್ದರೆ ಪಾಪ ಎನ್ನಬಹುದಿತ್ತು. ನನ್ನ ಹೊಟ್ಟೆ ತುಂಬುವುದೇ ಎಸಿ ಮಾರಿ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಂತು, ಬಂದವರಿಗೆಲ್ಲ ಅವರ ಕೋಣೆಗೆ ಎಷ್ಟು ಟನ್ನಿನದು ಬೇಕೆಂದು ಹೇಳುವುದು ನನ್ನ ಕೆಲಸ. ಆ ದಿನ ಈ ಐಡಿಯಾ ಹೊಳೆದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲವೂ ಕಣ್ಣ ಮುಂದೆ ಬಂದು ಹೋದವು. ಪೇಟ ನನ್ನ ತಲೆಗೆ ಸ್ವಲ್ಪ ದೊಡ್ಡದಾಯಿತೇನೋ ಎಂದು ಚಿಂತೆಯನ್ನೂ ಮಾಡಿದೆ.

ನಮ್ಮ ಮನೆ ರವೀಂದ್ರನಗರದಲ್ಲಿ. ನಾನು ಚಿಕ್ಕವನಿದ್ದಾಗ ಆ ಬೀದಿಯಲ್ಲಿ ಎಸಿ ಇದ್ದದ್ದು ಒಬ್ಬ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಮಾತ್ರ. ತಣ್ಣಗಿರುತ್ತದೆಂದು ಹಲ್ಲುನೋವಿಲ್ಲದಿದ್ದರೂ ಹೋಗಿ ಕೂತು, ಒಂದು ಗಟ್ಟಿ ಹಲ್ಲು ಕೀಳಿಸಿಕೊಂಡು ಬಂದಿದ್ದೇನೆ. ಈಗ ಅದೇ ಬೀದಿಯಲ್ಲಿ ಸಂಜೆ ನಡೆದುಕೊಂಡು ಹೋದರೆ ಎಡಗಡೆಯಿಂದೊಮ್ಮೆ, ಬಲಗಡೆಯಿಂದೊಮ್ಮೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಪ್ರತಿ ಮನೆಯೂ ತನ್ನ ಸೆಕೆಯನ್ನು ಬೀದಿಗೆ ಎಸೆಯುತ್ತಿದೆ. ಮುಸುರೆ ನೀರನ್ನು ಬೀದಿಗೆ ಚೆಲ್ಲಿದರೆ ಜಗಳಕ್ಕೆ ಬರುವ ಜನ ಇದಕ್ಕೆ ಮಾತ್ರ ತುಟಿ ಬಿಚ್ಚುವುದಿಲ್ಲ. ಅದರಲ್ಲಿ ಅರ್ಧದಷ್ಟು ಡಬ್ಬಗಳನ್ನು ಮಾರಿದವನು ನಾನೇ ಆದ್ದರಿಂದ ನಾನೂ ಬಿಚ್ಚುವುದಿಲ್ಲ.

ಅಂಗಡಿಗೆ ಬರುವವರ ಕಥೆ ಕೇಳಿದರೆ ಪಿತ್ತ ನೆತ್ತಿಗೇರುತ್ತದೆ. ಒಬ್ಬರು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಸೈಟಿನಲ್ಲಿದ್ದ ಎರಡು ಹೊಂಗೆಮರಗಳನ್ನು, ಎಲೆ ಉದುರಿ ಗಲೀಜಾಗುತ್ತದೆಂದು ಕಡಿಸಿದರು. ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿಸಿದರು, ಅದೂ ಪಶ್ಚಿಮಕ್ಕೆ. ಅಂಗಳಕ್ಕೆ ಕಾಂಕ್ರೀಟು ಬಳಿದರು. ಆಮೇಲೆ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, “ಮನೆ ಒಳಗೆ ಕೂರೋಕಾಗಲ್ಲ ಮಾರಾಯ್ರೇ, ಸೂರ್ಯ ನಮ್ಮನೆ ಮೇಲೇ ಕೂತಂಗಿದೆ. ಮೂರು ಎಸಿ ಹಾಕ್ಸಿ,” ಎಂದರು. “ಒಳ್ಳೇ ನಿರ್ಧಾರ ಸರ್,” ಎಂದು ನಾನು ಹಲ್ಲು ಬಿಟ್ಟೆ. ದೇವರ ಕೋಣೆಗೊಂದು ಹೆಚ್ಚಿಗೆ ಬೇಕಾಗಬಹುದೆಂದೂ ಸೂಚಿಸಿದೆ. ಅವರು ಯೋಚಿಸಿ ಹೇಳುತ್ತೇನೆಂದರು. ನಿಜವಾಗಿಯೂ ಯೋಚಿಸಿದರು.

ನನಗೆ ತಿಳಿವಳಿಕೆ ಇಲ್ಲದೆ ಹೀಗೆ ಮಾಡುತ್ತಿದ್ದೆ ಎಂದುಕೊಳ್ಳಬೇಡಿ. ನಮಗೆಲ್ಲ ಒಂದು ಟ್ರೈನಿಂಗ್ ಆಗಿತ್ತು. ಎಸಿಯೊಳಗಿನ ಗ್ಯಾಸು ಗಾಳಿಗೆ ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ, ಆದ್ದರಿಂದ ಭೂಮಿಯ ಮೇಲೆ ಪ್ರೀತಿಯಿರಲಿ ಎಂದು ಹೇಳಿಕೊಟ್ಟರು. ಹೇಳಿಕೊಟ್ಟು ಮುಗಿದ ತಕ್ಷಣ, ಈ ಬೇಸಿಗೆಯಲ್ಲಿ ಹೋದ ಸಲದ ಎರಡರಷ್ಟು ಮಾರಬೇಕೆಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎರಡರಲ್ಲಿ ಯಾವುದಕ್ಕೆ ತಟ್ಟಿದೆವೋ ನಮಗೇ ಗೊತ್ತಿಲ್ಲ.

ಅವತ್ತಿನಿಂದ ನಾನು ಹವಾಮಾನದ ಪಂಡಿತನಾದೆ. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ತಿಥಿಯೂಟದ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ ಭಾಷಣ. ನನ್ನ ಭಾಷಣಕ್ಕೆ ಓಡಿಹೋಗಲಾಗದೆ ಸಿಕ್ಕಿಬೀಳುತ್ತಿದ್ದವರು ಭದ್ರಾವತಿ ನ್ಯೂ ಟೌನಿನ ನಮ್ಮ ಅತ್ತೆ ಮತ್ತು ಮಾವ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮಾವ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರ ರಜೆ ಸಿಕ್ಕಿದರೆ ಬೈಕ್ ಹತ್ತಿ ಅವರ ಮನೆಗೆ ಊಟಕ್ಕೆ ಹೋಗುವುದು ನನ್ನ ರೂಢಿ.

ಅತ್ತೆಯ ಕೆಲಸ ಸಂಡಿಗೆ. ಶಿವರಾತ್ರಿ ಕಳೆದು ಬಿಸಿಲು ಬಲಿತಿತೆಂದರೆ ಮುಂಗಾರು ಬರುವವರೆಗೆ ಅವಳ ತಾರಸಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಕಿ ನೆನೆಸಿ ರುಬ್ಬಿ, ಬೆಳಕು ಹರಿಯುವ ಮೊದಲೇ ದೊಡ್ಡ ಪಾತ್ರೆಯಲ್ಲಿ ಜೀರಿಗೆ, ಇಂಗು, ಉಪ್ಪು ಹಾಕಿ ಗಂಜಿ ಕುದಿಸುತ್ತಾಳೆ. ಒದ್ದೆ ಪಂಚೆಗಳನ್ನು ತಾರಸಿಯ ಮೇಲೆ ಹಾಸಿ, ಚಮಚದಿಂದ ಸಾಲಾಗಿ ಇಡುತ್ತಾಳೆ. ಸಂಜೆ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಒಂದೊಂದಾಗಿ ಎಬ್ಬಿಸುತ್ತಾಳೆ. ಆಮೇಲೆ ಇನ್ನೆರಡು ಬಿಸಿಲು ತೋರಿಸಿ ಡಬ್ಬಕ್ಕೆ ತುಂಬುತ್ತಾಳೆ. ಇದರಲ್ಲಿ ಮೊದಲ ದಿನದ ಬಿಸಿಲೇ ಜೀವ. ಅದು ತಪ್ಪಿದರೆ ಸಂಡಿಗೆ ಹುಳಿ ಹಿಡಿಯುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಎಣ್ಣೆಯಲ್ಲಿ ಅರಳುವುದಿಲ್ಲ. ನ್ಯೂ ಟೌನಿನಲ್ಲಿ ಯಾರನ್ನಾದರೂ ಅತ್ತೆಯ ಹೆಸರು ಹಿಡಿದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ‘ಸಂಡಿಗೆಯವರ ಮನೆ’ ಎಂದರೆ ಬಾಗಿಲವರೆಗೂ ಕರೆದುಕೊಂಡು ಬರುತ್ತಾರೆ.

ಈ ಬೇಸಿಗೆಯಲ್ಲಿ ಆ ಹೆಸರಿಗೇ ಕುತ್ತು ಬಂದಿತ್ತು. ಎರಡು ಸಲ ಗಂಜಿ ಕಾಯಿಸಿ ಇಟ್ಟ ಸಂಡಿಗೆ ಮಳೆಗೆ ಸಿಕ್ಕಿ ಮತ್ತೆ ಗಂಜಿಯಾಗಿ ಮೋರಿಗೆ ಹರಿದುಹೋಯಿತು. ವರ್ಷಗಟ್ಟಲೆ ಕೊಳ್ಳುತ್ತಿದ್ದವರು ಫೋನ್ ಮಾಡಿ, “ಪರವಾಗಿಲ್ಲ ಬಿಡಿ, ಪ್ಯಾಕೆಟ್‌ದು ತಂದ್ವಿ, ಚೆನ್ನಾಗೇ ಇದೆ,” ಎನ್ನತೊಡಗಿದರು. ಆ ‘ಚೆನ್ನಾಗೇ ಇದೆ’ ಎಂಬ ಮಾತು ಅತ್ತೆಯ ಎದೆಗೆ ನಾಟಿತ್ತು. ಉಳಿದಿದ್ದದ್ದು ಶಿವಮೊಗ್ಗದ ವಿದ್ಯಾನಗರದ ಒಂದು ಮದುವೆಮನೆಯವರು ಮಾಡಿಕೊಡಲು ಹೇಳಿದ್ದ ಸಂಡಿಗೆಯೊಂದೇ. ಆ ಮನೆಯ ಹಿರಿ ಮಗಳ ಮದುವೆಗೂ ಅತ್ತೆಯೇ ಕೊಟ್ಟಿದ್ದಳು.

“ಈ ಸಲ ಇದೊಂದು ಕೊಡೋಕಾಗ್ಲಿಲ್ಲ ಅಂದ್ರೆ ನಾನು ಸಂಡಿಗೆ ಕೈಬಿಟ್ಟೆ,” ಎಂದಳು ಅತ್ತೆ, ನನಗೆ ಅನ್ನ ಬಡಿಸುತ್ತ. “ಹೂಂ ಅಂತ ಒಪ್ಕೊಂಡು ಆಮೇಲೆ ಮಳೆ ಬಂತು ಅಂತ ಮುಖ ಮುಚ್ಕೊಳ್ಳೋದು ನನ್ನ ಕೈಲಾಗಲ್ಲಪ್ಪ.”

ನಾನು ಸಮಾಧಾನ ಮಾಡಬೇಕಿತ್ತು. ಪಂಡಿತನಲ್ಲವೇ, ಭಾಷಣ ಶುರುಮಾಡಿದೆ. “ಇದೆಲ್ಲ ಹವಾಮಾನ ಬದಲಾವಣೆ ಅತ್ತೆ.”

ಮಾವ ಮಜ್ಜಿಗೆಯ ಲೋಟ ಕೆಳಗಿಟ್ಟರು. “ಶುರುವಾಯ್ತು ನೋಡು ಎಸಿ ಸಾಹೇಬ್ರ ಪ್ರವಚನ. ಅಲ್ಲಯ್ಯಾ, ನಾವು ಡ್ಯೂಟಿಗೆ ಹೋಗೋ ಕಾಲದಲ್ಲಿ ಈ ಊರಿನ ಚಿಮಣಿಗಳು ಹಗಲೂ ರಾತ್ರಿ ಹೊಗೆ ಬಿಡ್ತಿದ್ವು. ಆಗ ಇಷ್ಟು ಸೆಕೆ ಇರ್ಲಿಲ್ಲ. ಈಗ ತಲೆ ಎತ್ತಿ ನೋಡು, ಹೊಗೆ ಎಲ್ಲಿದೆ? ನಿನ್ ಲೆಕ್ಕ ತಲೆಕೆಳಗಾಗ್ಲಿಲ್ವಾ?”

“ಕಣ್ಣಿಗೆ ಕಾಣೋ ಹೊಗೆ ಮಳೆ ಬಂದ್ರೆ ತೊಳೆದು ಹೋಗುತ್ತೆ ಮಾವ. ಕಾಣದೇ ಇರೋದೇ ಅಪಾಯ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಏನು ಸುಟ್ರೂ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಅದ್ರಲ್ಲಿ ಒಂದಿಷ್ಟನ್ನ ಮರಗಳು, ಸಮುದ್ರ ಹೀರ್ಕೊಳ್ತವೆ. ಮಿಕ್ಕಿದ್ದು ಮೇಲೇ ಇರುತ್ತೆ. ನೀವು ಕೆಲ್ಸಕ್ಕೆ ಸೇರಿದ ವರ್ಷ ಸುಟ್ಟ ಕಲ್ಲಿದ್ದಲಿಂದೂ ಸ್ವಲ್ಪ ಇನ್ನೂ ಅಲ್ಲೇ ಕೂತಿದೆ.”

“ನಾನೇ ರಿಟೈರ್ ಆದೆ, ಅದಿನ್ನೂ ಆಗಿಲ್ವಾ?”

“ಅದಕ್ಕೆ ರಿಟೈರ್‌ಮೆಂಟೇ ಇಲ್ಲ ಮಾವ. ಮೇಲೆ ಕೂತು ಡ್ಯೂಟಿ ಮಾಡ್ತಾನೇ ಇದೆ. ಬಿಸಿಲನ್ನ ಒಳಗೆ ಬಿಡುತ್ತೆ, ನೆಲದ ಕಾವನ್ನ ಹೊರಗೆ ಹೋಗೋಕೆ ಬಿಡಲ್ಲ. ಬಿಸಿಲಲ್ಲಿ ಕಿಟಕಿ ಏರಿಸಿ ನಿಲ್ಸಿದ ಕಾರಿನೊಳಗೆ ಕೂತ್ಕೊಂಡಂಗೆ.”

ಅತ್ತೆ ಸಾರಿನ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದಳು. “ಹಾಗಾದ್ರೆ ಬಿಸಿಲು ಜಾಸ್ತಿಯಾಗಿ ನನ್ನ ಸಂಡಿಗೆ ಗರಿಗರಿ ಒಣಗ್ಬೇಕಿತ್ತಲ್ಲೋ. ಮಳೆ ಯಾಕೆ ಬರುತ್ತೆ?”

“ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರು ಹಿಡ್ಕೊಳ್ಳುತ್ತೆ ಅತ್ತೆ. ಹಿಡ್ಕೊಂಡಿದ್ದನ್ನ ಒಂದೇ ಸಲ ಸುರಿಯುತ್ತೆ.”

“ನನ್ನ ತಾರಸಿ ಮೇಲೇ ಸುರೀಬೇಕಾ?”

ಇದಕ್ಕೆ ಟ್ರೈನಿಂಗಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಮಾವ ಬಿಡಲಿಲ್ಲ. “ಯುಗಾದಿ ಆದ್ಮೇಲೆ ಅಡ್ಡಮಳೆ ನಮ್ಮಜ್ಜನ ಕಾಲದಲ್ಲೂ ಬರ್ತಿತ್ತು ಕಣಯ್ಯಾ,” ಎಂದರು. ಅದೂ ಸುಳ್ಳಲ್ಲ. ಒಂದು ದಿನದ ಮಳೆಯನ್ನು ಹಿಡಿದು ನಿಲ್ಲಿಸಿ, ನೀನು ನಮ್ಮ ಪೆಟ್ರೋಲಿನಿಂದ ಹುಟ್ಟಿದವನೋ ನಿಮ್ಮಜ್ಜನ ಕಾಲದವನೋ ಎಂದು ಕೇಳಲಾಗುವುದಿಲ್ಲ. ಆದರೆ ಅತ್ತೆ ಮೊದಲೆಲ್ಲ ಬೆಳಿಗ್ಗೆ ಎದ್ದು ಆಕಾಶ ನೋಡಿ, ‘ಇವತ್ತು ಇಡಬಹುದು’ ಎಂದರೆ ಇಡಬಹುದಿತ್ತು. ಅವಳ ಕಣ್ಣು ತಪ್ಪುತ್ತಿದ್ದದ್ದು ಅಪರೂಪ. ಈಗೀಗ ನೀಲಿ ಆಕಾಶ ನೋಡಿ ಗಂಜಿ ಕಾಯಿಸುತ್ತಾಳೆ, ಮಧ್ಯಾಹ್ನಕ್ಕೆ ಒಂದು ತಿಂಗಳ ಮಳೆ ಒಂದು ಗಂಟೆಯಲ್ಲಿ ಬಂದಂತೆ ಸುರಿಯುತ್ತದೆ. ಅವಳ ಕಣ್ಣು ಕೆಟ್ಟಿಲ್ಲ. ಅವಳು ಓದಲು ಕಲಿತಿದ್ದ ಆಕಾಶವನ್ನೇ ಯಾರೋ ಬದಲಾಯಿಸಿಬಿಟ್ಟಿದ್ದಾರೆ.

ಯಾರೋ ಎಂದರೆ ಯಾರು? ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಅತ್ತೆ ವಿಮಾನ ಹತ್ತಿದವಳಲ್ಲ. ಅವಳಿಗೆ ಕಾರಿಲ್ಲ. ಸಂತೆಗೆ ನಡೆದೇ ಹೋಗುತ್ತಾಳೆ. ಗಂಜಿ ಕಾಯಿಸುವ ಒಲೆಯೊಂದನ್ನು ಬಿಟ್ಟರೆ ಅವಳ ಇಡೀ ಕಾರ್ಖಾನೆ ನಡೆಯುವುದು ಸೂರ್ಯನ ಮೇಲೆ. ಮಷೀನಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ತುಂಬಿ, ಲಾರಿಯಲ್ಲಿ ಎಲ್ಲಿಂದಲೋ ಬರುವ ಸಂಡಿಗೆಗೆ ಮಳೆಯ ಭಯವಿಲ್ಲ. ಆ ಮಳೆಯನ್ನು ಹೆಚ್ಚಿಸುವುದರಲ್ಲಿ ತನ್ನ ಪಾಲಿನ ಹೊಗೆ ಬಿಟ್ಟು ಅದು ಆರಾಮಾಗಿ ಅಂಗಡಿಯಲ್ಲಿ ಕೂತಿದೆ. ಏನೂ ಸುಡದೆ ಒಣಗಿಸುವವಳ ಸಂಡಿಗೆ ಮೋರಿ ಪಾಲು. ಇದು ಯಾವ ಸೀಮೆಯ ನ್ಯಾಯ?

ಈ ಸಿಟ್ಟಿನಲ್ಲಿಯೇ ನಾನು ಅತ್ತೆಗೆ ಮಾತು ಕೊಟ್ಟೆ. ಮದುವೆಮನೆಯ ಸಂಡಿಗೆ ಇಡುವ ದಿನ ನಾನೇ ಬಂದು ನಿಲ್ಲುತ್ತೇನೆ, ಒಂದು ಹನಿ ಬೀಳಲು ಬಿಡುವುದಿಲ್ಲ ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆ ಭಾನುವಾರ ನಾನು ಹೋಗುವಷ್ಟರಲ್ಲಿ ಅತ್ತೆ ತಾರಸಿ ತುಂಬ ಸಂಡಿಗೆ ಇಟ್ಟು ಮುಗಿಸಿದ್ದಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ನಾನು ಕಾಗೆ ಓಡಿಸಲು ಛತ್ರಿ ಹಿಡಿದು ಕೂತೆ. ಕೂತವನು ಸುಮ್ಮನಿರದೆ ಮೊಬೈಲು ತೆಗೆದು ನೋಡಿದೆ. ಸಂಜೆ ಮಳೆ ಬರಬಹುದು ಎಂದಿತು. ಇನ್ನೊಂದು ಆ್ಯಪ್ ನೋಡಿದೆ. ಬರುವುದಿಲ್ಲ ಎಂದಿತು. ಮೂರನೆಯದು ಈಗಾಗಲೇ ಬರುತ್ತಿದೆ ಎಂದಿತು. ಅಷ್ಟರಲ್ಲಿ ಪಶ್ಚಿಮದಿಂದ ಮೋಡ ಬಂದು ಸೂರ್ಯನನ್ನು ಮುಚ್ಚಿತು. ಊಟದ ಹೊತ್ತಾದರೂ ಸರಿಯಲಿಲ್ಲ. ಅತ್ತೆ ಮೆಟ್ಟಿಲು ಹತ್ತಿ ಬಂದು ಒಂದು ಸಂಡಿಗೆಯನ್ನು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಗಂಜಿ ಅಂಟಿತು. ಅವಳು ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಆಗ ನನ್ನ ಕಣ್ಣು ತಾರಸಿಯ ಮೂಲೆಯಲ್ಲಿದ್ದ ಔಟ್‌ಡೋರ್ ಯೂನಿಟ್ಟಿನ ಮೇಲೆ ಬಿತ್ತು. ಮಾವನಿಗೆ ಮಧ್ಯಾಹ್ನದ ಸೆಕೆಯಲ್ಲಿ ನಿದ್ದೆ ಬರುವುದಿಲ್ಲವೆಂದು ಹೋದ ವರ್ಷ ನಾನೇ ಮಾರಿದ್ದ ಎಸಿ ಅದು. ಮನೆಯವರನ್ನೂ ಬಿಟ್ಟಿರಲಿಲ್ಲ ನಾನು.

“ಅತ್ತೆ! ಬಿಸಿಲಿಲ್ಲದಿದ್ರೆ ಏನಂತೆ, ಬಿಸಿಗಾಳಿ ಇದೆಯಲ್ಲ!”

“ಅದು ಕೋಣೆ ಗಾಳಿ ಅಲ್ವೇನೋ? ನಿಮ್ಮಾವ ಮಲಗಿರೋ ಗಾಳಿ.”

“ಅಯ್ಯೋ, ಆ ಗಾಳಿ ಹೊರಗೆ ಬರಲ್ಲ ಅತ್ತೆ. ಒಳಗಿನ ಶಾಖ ಮಾತ್ರ ಬರುತ್ತೆ. ಮಾವ ತಣ್ಣಗೆ, ಸಂಡಿಗೆ ಬೆಚ್ಚಗೆ. ಒಂದೇ ಕರೆಂಟಲ್ಲಿ ಎರಡು ಕೆಲ್ಸ!”

ಕೆಳಗೆ ಓಡಿಹೋಗಿ ಎಸಿಯನ್ನು ಹದಿನಾರಕ್ಕೆ ಇಳಿಸಿದೆ. ಮಲಗಿದ್ದ ಮಾವ, “ಏನೋ ಮಾಡ್ತಿದೀಯ, ನನ್ನನ್ನೇನು ಫ್ರಿಜ್ಜಲ್ಲಿ ಇಡ್ತೀಯಾ?” ಎಂದರು. ಮೇ ತಿಂಗಳ ನಡುಮಧ್ಯಾಹ್ನ ಅವರಿಗೆ ಮಂಕಿಕ್ಯಾಪು ಹಾಕಿ, ಎರಡು ಶಾಲು ಹೊದಿಸಿ, ಅಲ್ಲಾಡಬೇಡಿ ಎಂದು ಹೇಳಿ ಮೇಲೆ ಬಂದೆ. ಮನೆಯ ಹಿಂದೆ ಒಂದು ಹಳೇ ಬಾಗಿಲಿತ್ತು. ಅದನ್ನು ಹೊತ್ತು ತಂದೆ. ಒಂದು ತುದಿಯನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟೆ. ಇನ್ನೊಂದು ತುದಿಗೆ ಆಧಾರ ಸಿಗಲಿಲ್ಲ. ಯೂನಿಟ್ಟಿನಿಂದ ಹೊರಟು ಗೋಡೆಯೊಳಗೆ ಹೋಗುವ ಎರಡು ತಾಮ್ರದ ಪೈಪುಗಳಿದ್ದವು, ಕಪ್ಪು ಸ್ಪಂಜು ಸುತ್ತಿಕೊಂಡು ದಪ್ಪಗೆ ಕಾಣುತ್ತಿದ್ದವು. ಅವುಗಳ ಮೇಲೆ ಇಟ್ಟೆ. ದಿನಾ ಗ್ರಾಹಕರಿಗೆ ‘ಪೈಪಿನ ಮೇಲೆ ಏನೂ ಇಡಬೇಡಿ’ ಎಂದು ಹೇಳುವವನು ನಾನು.

ಒಂದು ಪಂಚೆ ಸಂಡಿಗೆಯನ್ನು ಅತ್ತೆ ಒಂದು ಕಡೆ, ನಾನು ಒಂದು ಕಡೆ ಬಿಗಿಯಾಗಿ ಹಿಡಿದು, ಮಗುವನ್ನು ಎತ್ತಿದಂತೆ ಎತ್ತಿ ಬಾಗಿಲ ಮೇಲೆ ಹಾಸಿದೆವು. ಬಿಸಿಗಾಳಿ ಭರ್ರೆಂದು ಹೊಡೆಯಿತು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮುಟ್ಟಿ ನೋಡಿದಳು. ಬೆರಳಿಗೆ ಏನೂ ಅಂಟಲಿಲ್ಲ. ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು.

“ಒಣಗ್ತಿದೆ ಕಣೋ!” ಎಂದಳು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. “ಇದನ್ನ ಯಾರೂ ಯಾಕೋ ಮಾಡಿಲ್ಲ ಇಷ್ಟು ದಿನ?”

ಯಾರೂ ಯಾಕೆ ಮಾಡಿಲ್ಲ ಎಂಬುದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಆದರೆ ನಾನಾಗಲೇ ಮೈಸೂರು ಪೇಟ ಸರಿಮಾಡಿಕೊಳ್ಳುವುದರಲ್ಲಿದ್ದೆ. ಇನ್ನೊಂದು ಪಂಚೆ ತರೋಣ ಅತ್ತೆ ಎಂದೆ. ತಂದು ಹಾಸಿದೆವು. ಮೂರನೆಯದನ್ನು ಬಾಗಿಲ ತುದಿಯಲ್ಲಿ ಹಾಸುವಾಗ, ಗಾಳಿ ಸರಿಯಾಗಿ ತಾಗಲೆಂದು ನಾನು ಬಾಗಿಲ ಮೇಲೆ ಮೊಣಕೈ ಊರಿ ಬಗ್ಗಿದೆ.

ಪಟ್ ಎಂದಿತು. ಆಮೇಲೆ ಬುಸ್ಸ್ ಎಂದಿತು.

ಪೈಪಿನಿಂದ ಬಿಳೀ ಹೊಗೆಯಂಥದ್ದು ಚಿಮ್ಮಿತು. ಗ್ಯಾಸಿನ ಜೊತೆ ಯಂತ್ರದೊಳಗಿನ ಎಣ್ಣೆಯೂ ಹೊರಬಂತು. ಯೂನಿಟ್ಟಿನ ಫ್ಯಾನು ಇನ್ನೂ ತಿರುಗುತ್ತಲೇ ಇತ್ತು. ಮದುವೆಮನೆಯ ಬಾಗಿಲಲ್ಲಿ ಪನ್ನೀರು ಎರಚುತ್ತಾರಲ್ಲ, ಹಾಗೆ ಅದು ಆ ಎಣ್ಣೆಯನ್ನು ಇಡೀ ತಾರಸಿಗೆ ಎರಚಿತು. ಬಾಗಿಲ ಮೇಲಿದ್ದ ಸಂಡಿಗೆಗೂ, ಕೆಳಗಿದ್ದ ಅಷ್ಟೂ ಸಂಡಿಗೆಗೂ, ನನ್ನ ಮುಖಕ್ಕೂ. ನಾನು ಮೇನ್ ಸ್ವಿಚ್ ಆರಿಸಲು ಓಡಿದೆ. ಓಡುವ ಗಾಬರಿಯಲ್ಲಿ ಒಂದು ಪಂಚೆಯನ್ನು ತುಳಿದು ಇನ್ನೊಂದರ ಮೇಲೆ ಜಾರಿ ಬಿದ್ದೆ. ಮಾವ ಮಂಕಿಕ್ಯಾಪಿನಲ್ಲೇ ಮೆಟ್ಟಿಲು ಹತ್ತಿ ಬಂದು, “ಏನೋ ಅದು ಬುಸ್ ಅಂದಿದ್ದು, ಹಾವಾ?” ಎಂದು ಕೇಳಿದರು.

ಅತ್ತೆ ಬಗ್ಗಿ ಒಂದು ಸಂಡಿಗೆ ಎತ್ತಿ ಮೂಸಿ ನೋಡಿದಳು. ಇನ್ನೊಂದು ಮೂಲೆಯಿಂದ ಮತ್ತೊಂದು ಎತ್ತಿ ಮೂಸಿದಳು. ಆಮೇಲೆ ಮೂಸುವುದನ್ನು ನಿಲ್ಲಿಸಿ ಕೆಳಗಿಳಿದು ಹೋದಳು.

ಮಳೆ ಬಂದಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. ಬರಲಿಲ್ಲ. ಕಾಫಿ ಹೊತ್ತಿಗೆ ಮೋಡ ಸರಿದು, ಗರಿಗರಿ ಬಿಸಿಲು ಬಂತು. ಆ ಬಿಸಿಲಿನಲ್ಲಿ ಎಣ್ಣೆ ಮೆತ್ತಿದ ಸಂಡಿಗೆ ಬಹಳ ಚೆನ್ನಾಗಿ ಒಣಗಿತು.

ಅವತ್ತು ವಾಪಸ್ ಬರುವಾಗ ನನಗೆ ಬಂದ ಸಿಟ್ಟಿಗೆ ಹೆಲ್ಮೆಟ್ ಬಿಸಿಯಾಗಿತ್ತು. ಮೊದಲು ನನ್ನ ಮೇಲೆ. ನೂರಾರು ಪಟ್ಟು ಶಾಖ ಹಿಡಿದಿಡುವ ಗ್ಯಾಸು ಎಂದು ಊರಿಗೆಲ್ಲ ಬೋಧಿಸಿದವನು ಅದನ್ನು ಮೊಣಕೈಯಿಂದ ಆಕಾಶಕ್ಕೆ ಕಳಿಸಿಕೊಟ್ಟಿದ್ದೆ. ಆಮೇಲೆ ಕಣ್ಣಿಗೆ ಬಿದ್ದವರೆಲ್ಲರ ಮೇಲೆ. ದಾರಿಯುದ್ದಕ್ಕೂ ರಸ್ತೆ ಅಗಲ ಮಾಡಲು ಕಡಿದ ಮರಗಳ ಬುಡಗಳು ಕಾಣುತ್ತಿದ್ದವು. ಗಾಳಿಯಲ್ಲಿದ್ದ ಇಂಗಾಲವನ್ನು ಹೀರಿ ಹೀರಿ ದಪ್ಪವಾಗಿದ್ದ ಮರಗಳವು. ಅವನ್ನು ಉರುಳಿಸಿ ಸೌದೆ ಮಾಡಿ ಸುಟ್ಟರೆ ಅಷ್ಟು ವರ್ಷ ಕೂಡಿಟ್ಟದ್ದೆಲ್ಲ ಮತ್ತೆ ಮೇಲಕ್ಕೇ. ಒಂದು ಖಾಲಿ ಸೈಟಿನಲ್ಲಿ ಯಾರೋ ಒಣಗಿದ ಎಲೆ, ಪ್ಲಾಸ್ಟಿಕ್ಕು, ಹರಿದ ಹಾಸಿಗೆ ಎಲ್ಲ ಗುಡ್ಡೆ ಹಾಕಿ ಬೆಂಕಿಯಿಟ್ಟಿದ್ದರು. ಪಕ್ಕದಲ್ಲೇ ಕೊಳೆಯುತ್ತಿದ್ದ ತಿಪ್ಪೆ, ಅದರಿಂದ ಮೀಥೇನು, ಅದೂ ಶಾಖ ಹಿಡಿದಿಡುವ ಗ್ಯಾಸೇ. ಸುಟ್ಟರೆ ಒಂದು, ಕೊಳೆತರೆ ಒಂದು. ಹಸಿ ಕಸ ಬೇರೆ ಮಾಡಿ ಗುಂಡಿಯಲ್ಲಿ ಗೊಬ್ಬರ ಮಾಡಿ ಎಂದರೆ ಮಾತ್ರ ಎಲ್ಲರಿಗೂ ಸೊಂಟನೋವು.

ಶಿವಮೊಗ್ಗ ಮುಟ್ಟುವಾಗ ರಸ್ತೆ ಬದಿಯಲ್ಲಿ ಒಂದು ದೊಡ್ಡ ಕಾರು ನಿಂತಿತ್ತು. ಇಂಜಿನ್ನು ಓಡುತ್ತಿತ್ತು, ಕಿಟಕಿ ಏರಿಸಿತ್ತು, ಒಳಗೆ ಒಬ್ಬರು ಎಸಿ ಹಾಕಿಕೊಂಡು ಸೀಟು ಹಿಂದಕ್ಕೆ ಮಾಡಿ ನಿದ್ದೆ ಹೊಡೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬೈಕ್ ನಿಲ್ಲಿಸಿ ಗಾಜು ಬಡಿದೆ.

“ಏನ್ರೀ?” ಎಂದರು ಗಾಜು ಇಳಿಸಿ.

“ಇಂಜಿನ್ ಆಫ್ ಮಾಡ್ರೀ. ಆ ಮರದ ನೆರಳಿಗೆ ಹೋಗಿ ಕಿಟಕಿ ತೆಗೆದು ಮಲಗಿ.”

“ನಿಮಗೇನ್ರೀ ತೊಂದ್ರೆ? ನನ್ ಪೆಟ್ರೋಲು, ನಾನ್ ಸುಡ್ತೀನಿ.”

“ಪೆಟ್ರೋಲು ನಿಮ್ದು. ಗಾಳಿ ನಮ್ಮತ್ತೇದು!”

“ಯಾರ್ರೀ ನಿಮ್ಮತ್ತೆ?” ಎಂದವರು ನನ್ನ ಎಣ್ಣೆ ಮುಖವನ್ನು ಹತ್ತಿರದಿಂದ ನೋಡಿ ಅರಳಿದರು. “ಅರೆ, ನೀವಲ್ವಾ ನಮ್ಮನೆಗೆ ಮೂರು ಎಸಿ ಕೊಟ್ಟೋರು? ಆ ದೇವ್ರ ಕೋಣೇದು ಒಂದು ಹೇಳಿದ್ರಲ್ಲ, ಅದೂ ಹಾಕ್ಸಿಬಿಡೋಣ ಅಂತಿದೀವಿ. ನಾಳೆ ಬರ್ತೀನಿ.”

ನಾನು ಬೈಕ್ ಹತ್ತಿ ಬಂದುಬಿಟ್ಟೆ.

ಮಾರನೆಯ ದಿನ ಅಂಗಡಿಗೆ ಹೋಗಿ ಮಾಲೀಕರ ಮುಂದೆ ನಿಂತು, ಇನ್ನು ಈ ಪಾಪದ ಕೆಲಸ ಮಾಡುವುದಿಲ್ಲ, ರಾಜೀನಾಮೆ ಕೊಡುತ್ತೇನೆ ಎಂದು ಗುಡುಗಿದೆ. ಅವರು ಫೋನಿನಿಂದ ತಲೆ ಎತ್ತದೆ, “ಕೊಡು ಮಾರಾಯ, ಮಳೆ ಹಿಡಿದ್ಮೇಲೆ ಕೊಡು. ಈಗ ಸೀಸನ್ನು,” ಎಂದರು. ನಾನು ಸರಿ ಎಂದು ಟೈ ಕಟ್ಟಿಕೊಂಡೆ. ನನ್ನ ಕ್ರಾಂತಿ ಕಾಫಿ ಬರುವಷ್ಟರಲ್ಲಿ ಮುಗಿದಿತ್ತು. ಆದರೆ ಅವತ್ತಿನಿಂದ ಬಂದವರಿಗೆ ಮೊದಲು ಕಿಟಕಿ ಎತ್ತ ಇದೆ, ಮರ ಇದೆಯೇ, ಛಾವಣಿಗೆ ಬಿಳಿ ಬಣ್ಣ ಹೊಡೆಸಿದ್ದೀರಾ ಎಂದು ಕೇಳಲು ಶುರುಮಾಡಿದೆ. ಕೆಲವರು ಎಸಿ ಕೊಳ್ಳದೆ ಹೋದರು. ದೇವರ ಕೋಣೆಯವರು ಬಂದಾಗ, ದೇವರಿಗೆ ಇಷ್ಟು ಕಾಲ ಕಲ್ಲು ಗರ್ಭಗುಡಿಯಲ್ಲಿ ಕೂತು ಅಭ್ಯಾಸವಾಗಿದೆ ಸರ್, ಶೀತವಾದೀತು ಎಂದೆ. ಅವರು ಬೇರೆ ಅಂಗಡಿಗೆ ಹೋಗಿ ಹಾಕಿಸಿಕೊಂಡರು.

ಆ ವಾರವಿಡೀ ಭದ್ರಾವತಿಯಲ್ಲಿ ಮಧ್ಯಾಹ್ನ ಮಧ್ಯಾಹ್ನ ಮಳೆ. ಅತ್ತೆಗೆ ಇನ್ನೊಂದು ಸಲ ಇಡಲು ಆಗಲೇ ಇಲ್ಲ. ಮದುವೆಮನೆಯವರಿಗೆ ಅವಳೇ ಫೋನ್ ಮಾಡಿ, ಈ ಸಲ ನನ್ನಿಂದ ಆಗುವುದಿಲ್ಲ ಎಂದಳಂತೆ. ಯಾರು ಹಾಳು ಮಾಡಿದರೆಂದು ಹೇಳಲಿಲ್ಲವಂತೆ. ಅವರೂ ನಮ್ಮ ಅಂಗಡಿಯಲ್ಲಿ ಎಸಿ ಕೊಂಡವರಾದ್ದರಿಂದ ಆ ಮದುವೆಗೆ ನಮಗೂ ಕರೆಯಿತ್ತು. ಕಲ್ಯಾಣಮಂಟಪದಲ್ಲಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು ದೊಡ್ಡ ದೊಡ್ಡ ಎಸಿಗಳನ್ನು ಓಡಿಸುತ್ತಿದ್ದರು, ಕರೆಂಟು ಹೋದಾಗಲೆಲ್ಲ ಹಿಂದುಗಡೆ ಡೀಸೆಲ್ ಜನರೇಟರು ಗುಡುಗುತ್ತಿತ್ತು. ಹೊರಗೆ ಮಳೆ ಹೊಡೆಯುತ್ತಿತ್ತು. “ಏನಿದು, ಕಾಲವಲ್ಲದ ಕಾಲದಲ್ಲಿ ಮಳೆ!” ಎಂದು ಅಲ್ಲಿದ್ದವರೆಲ್ಲ ಆಶ್ಚರ್ಯಪಟ್ಟರು. ಎಲೆಗೆ ಪ್ಯಾಕೆಟ್ಟಿನ ಸಂಡಿಗೆ ಬಂತು. ಎಲ್ಲವೂ ಒಂದೇ ಅಚ್ಚಿನವು. ರುಚಿ ಕೆಟ್ಟದಾಗಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ಕೆಟ್ಟದಾಗಿಯೂ ಇರಲಿಲ್ಲ. ಅದಕ್ಕೇ ಇನ್ನೂ ಉರಿಯಿತು.

ಮುಂದಿನ ಭಾನುವಾರ ಧೈರ್ಯ ಮಾಡಿ ನ್ಯೂ ಟೌನಿಗೆ ಹೋದೆ. ಪೈಪು ಬೆಸೆದು ಗ್ಯಾಸು ತುಂಬಿಸಿಯಾಗಿತ್ತು, ಮಾವ ಒಳಗೆ ತಣ್ಣಗೆ ಮಲಗಿದ್ದರು. ಅತ್ತೆ ಜಗಲಿಯಲ್ಲಿ ಕೂತು ಎಣ್ಣೆ ಕಲೆಯಾದ ಪಂಚೆಗಳನ್ನು ನೆಲ ಒರೆಸಲು ಹರಿಯುತ್ತಿದ್ದಳು. ಚರ್ ಎಂದು ಒಂದೊಂದು ಹರಿದಾಗಲೂ ನನ್ನ ಚರ್ಮ ಹರಿದಂತಾಗುತ್ತಿತ್ತು. ಒಂದು ಪಂಚೆಯನ್ನು ಮಾತ್ರ ಹರಿಯದೆ ಬದಿಗಿಟ್ಟಿದ್ದಳು. ಅದಕ್ಕೂ ಒಂದು ಮೂಲೆಯಲ್ಲಿ ಕಲೆಯಿತ್ತು.

“ಸಂಡಿಗೆ ಬಿಟ್ಟುಬಿಟ್ಯಾ ಅತ್ತೆ?” ಎಂದು ಕೇಳಿದೆ. ಅವಳು ಇನ್ನೊಂದು ಪಂಚೆ ಹರಿಯತೊಡಗಿದಳು. ನನಗೆ ಸುಮ್ಮನಿರಲಾಗದೆ, ತಪ್ಪಾಯಿತು, ಇನ್ನು ಜನ್ಮದಲ್ಲಿ ನಿನ್ನ ತಾರಸಿ ಹತ್ತುವುದಿಲ್ಲ, ನಾನು ಹುಟ್ಟಬಾರದಿತ್ತು, ಹುಟ್ಟಿದರೂ ಓದಬಾರದಿತ್ತು ಎಂದು ಏನೇನೋ ಹೇಳಿದೆ.

ಅತ್ತೆ ಹರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಅಲ್ವೋ, ಇಷ್ಟು ವರ್ಷ ಮಳೆ ಬಂದು ಸಂಡಿಗೆ ಹಾಳಾದ್ರೆ ದೇವ್ರಿಚ್ಛೆ ಅಂತ ಸುಮ್ನಾಗ್ತಿದ್ದೆ. ಅವನನ್ನ ಬೈಯೋಕಾಗುತ್ತಾ? ಈಗ ನೀನೇ ಹೇಳ್ತೀಯ, ಮಳೆ ಹೀಗಾಗೋಕೂ ಮನುಷ್ರೇ ಕಾರಣ ಅಂತ. ಹಾಗಾದ್ರೆ ಬೈಯೋಕೆ ಜನ ಇದಾರೆ ಅಂತಾಯ್ತು. ಎಲ್ಲಾರೂ ನನ್ನ ಕೈಗೆ ಸಿಗಲ್ಲ, ನೀನೊಬ್ಬ ಸಿಕ್ಕಿದೀಯ. ಕೂತ್ಕೋ ಇಲ್ಲಿ, ನಿನ್ನಿಂದ್ಲೇ ಶುರು ಮಾಡ್ತೀನಿ.”